ಹುಚ್ಚಮ್ಮ ನಕ್ಕ ಫೋಟೊ

ಕಳಸದ ಬಸವರಾಜು ಕಪ್ಪೆ ವ್ಯಾಪಾರಕ್ಕೆ ಇಳಿದ ವರ್ಷ ಊರೇ ನಕ್ಕಿತ್ತು. ಅಡಿಕೆ, ಮೆಣಸು, ಏಲಕ್ಕಿ ಮಾರಿಕೊಂಡು ಬಂದ ಮನೆತನ ಅದು. ಅಡುಗೆಗೆ ಬೆಳ್ಳುಳ್ಳಿ ಹಾಕುವುದಕ್ಕೂ ಹಿಂದೆಮುಂದೆ ನೋಡುವ ಜನ. ಅಂಥವನು ಹೊಳೆದಂಡೆಯ ತನ್ನ ಅಡಿಕೆ ಗೋದಾಮಿಗೆ ಸಿಮೆಂಟಿನ ನೆಲ ಹಾಕಿಸಿ, ಮಂಗಳೂರಿನಿಂದ ಐಸ್ ತುಂಬಿದ ಲಾರಿ ತರಿಸಿ, ಜೀವಂತ ಕಪ್ಪೆ ತಂದವರಿಗೆ ತೂಕ ಮಾಡಿ ಕೈಗೇ ದುಡ್ಡು ಕೊಡುತ್ತೇನೆ ಎಂದಾಗ ಯಾರು ನಂಬುತ್ತಾರೆ? ಆದರೆ ದುಡ್ಡು ನಿಜವಾಗಿಯೂ ಕೈಗೆ ಬಂತು. ಮರುವರ್ಷ, ಅಂದರೆ ಎಂಬತ್ತನಾಲ್ಕರ ಮಳೆಗಾಲಕ್ಕೆ, ನಕ್ಕವರೆಲ್ಲ ಗೋಣಿಚೀಲ ಹಿಡಿದು ಗದ್ದೆಗಿಳಿದಿದ್ದರು.

"ಫಾರಿನ್ನಿನೋರು ಇದರ ಕಾಲು ತಿಂತಾರಂತೆ," ಎಂದು ಬಸವರಾಜು ಶೆಡ್ಡಿನ ಹೆಂಗಸರಿಗೆ ಹೇಳಿದ್ದ. "ಅಲ್ಲಿ ಜನಕ್ಕೆ ಕೂತು ಉಣ್ಣಕ್ಕೂ ಪುರುಸೊತ್ತಿಲ್ಲ. ಎಣ್ಣೇಲಿ ಕರ್ದು ಕಾಗ್ದದ ಪೊಟ್ಟಣಕ್ಕೆ ಹಾಕಿ ಕೊಡ್ತಾರೆ. ಕಾರು ಓಡಿಸ್ತಾ ಓಡಿಸ್ತಾನೇ ತಿಂದು ಮೂಳೆ ಬಿಸಾಕ್ತಾರೆ."

"ಉಳಿದ ಮೈ ಎಂತ ಮಾಡ್ತಾರೆ ಸಾವ್ಕಾರ್ರೆ?" ಎಂದು ಕೇಳಿದವಳು ಹುಚ್ಚಮ್ಮ.

"ಉಳಿದದ್ದು ಅವ್ರಿಗೆ ಬೇಡ. ಹೊಳೆಗೆ ಹಾಕು."

ಹುಚ್ಚಮ್ಮ ಹೊಳೆಯಾಚೆಯ ಕೇರಿಯವಳು. ಮದುವೆಯಾದಂದಿನಿಂದ ಕಾಫಿ ಎಸ್ಟೇಟುಗಳಲ್ಲಿ ಹಣ್ಣು ಕುಯ್ದು, ಕಳೆ ತೆಗೆದು, ಗೊಬ್ಬರ ಹೊತ್ತವಳು. ಗಂಡ ಲಕ್ಕಯ್ಯ ತೋಟದ ನೆರಳುಮರಗಳ ಕೊಂಬೆ ಕಡಿಯುವ ಮರಗಸಿ ಮಾಡುತ್ತಿದ್ದವನು ಸಿಲ್ವರ್ ಮರದಿಂದ ಬಿದ್ದು ಸೊಂಟ ನೋಯಿಸಿಕೊಂಡ ಮೇಲೆ ಮರ ಹತ್ತುವಂತಿರಲಿಲ್ಲ. ಅವನೂ ಕಪ್ಪೆ ಹಿಡಿಯಲು ಹೊರಟ. ಇದ್ದೊಬ್ಬ ಮಗಳು ರಂಗಮ್ಮನನ್ನು ಸಂಸೆಯ ಗುರುವಯ್ಯನ ಮಗನಿಗೆ ಕೊಡುವ ಮಾತಾಗಿತ್ತು. ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ. ಶೆಡ್ಡಿಗೆ ಹೋಗದೆ ಬೇರೆ ದಾರಿಯಿರಲಿಲ್ಲ.

ಮೊದಲ ದಿನ ಅವಳು ಶೆಡ್ಡಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡಿದ್ದಳು. ಹೆಂಗಸರು ಸಾಲಾಗಿ ಮೆಟ್ಟುಕತ್ತಿ ಮೆಟ್ಟಿಕೊಂಡು ಕೂರುವುದು. ಚೀಲಕ್ಕೆ ಕೈ ಹಾಕಿ ಕಪ್ಪೆ ಎಳೆದು, ಸೊಂಟದ ಹತ್ತಿರ ಕತ್ತಿಗೆ ಒತ್ತಿ, ಕಾಲನ್ನು ನೀರಿನ ಬಕೆಟ್ಟಿಗೂ ಮೈಯನ್ನು ಬುಟ್ಟಿಗೂ ಎಸೆಯುವುದು. ಬುಟ್ಟಿಯಲ್ಲಿ ಬಿದ್ದ ಅರೆ ಕಪ್ಪೆಗಳು ಬೇಗ ಸಾಯುತ್ತಿರಲಿಲ್ಲ. ಮುಂಗಾಲಿನಲ್ಲೇ ಒಂದರ ಮೇಲೊಂದು ಹತ್ತಿಕೊಂಡು, ಬಾಯಿ ತೆರೆದು ಮುಚ್ಚುತ್ತ, ಬುಟ್ಟಿಯ ಅಂಚಿನವರೆಗೂ ಬರುತ್ತಿದ್ದವು. ಕೆಲವು ಅಂಚು ದಾಟಿ ನೆಲಕ್ಕೆ ಬಿದ್ದು, ಕರುಳು ಎಳೆದುಕೊಂಡು ಬಾಗಿಲ ಕಡೆಗೇ ತೆವಳುತ್ತಿದ್ದವು.

ಎರಡನೆಯ ದಿನ ಹುಚ್ಚಮ್ಮ ಹೊಳೆಯಿಂದ ಒಂದು ಕಲ್ಲು ತಂದು ಪಕ್ಕದಲ್ಲಿ ಇಟ್ಟುಕೊಂಡಳು. ಕಪ್ಪೆಯ ತಲೆಯನ್ನು ಅದಕ್ಕೆ ಒಮ್ಮೆ ಬಲವಾಗಿ ಬಡಿದು, ಅದು ತಣ್ಣಗಾದ ಮೇಲೆ ಕತ್ತಿಗೆ ಕೊಡುತ್ತಿದ್ದಳು. ಕೆಲಸ ನಿಧಾನವಾಗುತ್ತದೆಂದು ಬಸವರಾಜು ಬೈದ. ಅವಳು ಊಟದ ಹೊತ್ತಿನಲ್ಲೂ ಕೂತು ಕುಯ್ದು ಬಕೆಟ್ಟು ಸರಿಮಾಡುತ್ತಿದ್ದಳು. ಪಕ್ಕದವರು, "ನೀನು ಬಡ್ದು ಸಾಯಿಸಿದ್ರೆ ಪುಣ್ಯ ಬರ್ತದೇನೆ?" ಎಂದು ಆಡಿಕೊಳ್ಳುತ್ತಿದ್ದರು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗದ್ದೆಬಯಲು ಮೂಕವಾಯಿತು. ಮಳೆ ಹೊಯ್ದು ನಿಂತರೆ ಕಿವಿ ಕಿವುಡಾಗುವಂತೆ ಕಪ್ಪೆಗಳು ವಟಗುಡುತ್ತಿದ್ದ ಜಾಗದಲ್ಲಿ ಬರೀ ನೀರು ಹರಿಯುವ ಸದ್ದು. ನೆಟ್ಟ ಬತ್ತಕ್ಕೆ ಎಂದೂ ಕಾಣದಷ್ಟು ಹುಳ ಬಿತ್ತು. ಅದಕ್ಕೂ ಬಸವರಾಜುವಿನ ಹತ್ತಿರವೇ ಮದ್ದಿತ್ತು. ಪೇಟೆಯ ತನ್ನ ಅಂಗಡಿಯಲ್ಲಿ ಹುಳದ ಔಷಧಿಯ ಡಬ್ಬಗಳನ್ನು ಪೇರಿಸಿಟ್ಟ. ಕಪ್ಪೆ ಮಾರಿದವರೇ ಬಂದು ಔಷಧಿ ಕೊಂಡರು. ಹೊಡೆದ ಮರುದಿನ ಗದ್ದೆಯ ಬದುವಿನಲ್ಲಿ ಏಡಿಗಳು ಹೊಟ್ಟೆ ಮೇಲಾಗಿ ಬಿದ್ದಿರುತ್ತಿದ್ದವು, ಅವನ್ನು ತಿಂದ ಕೊಕ್ಕರೆಗಳೂ ಅಲ್ಲೇ.

ಆಗ ಬಂದವರು ಮೂಡಿಗೆರೆಯ ತಂಗಮ್ಮನವರು.

ತಂಗಮ್ಮನವರದು ದೊಡ್ಡ ಎಸ್ಟೇಟು. ಕೊಡಗಿನ ಕಡೆಯಿಂದ ಮದುವೆಯಾಗಿ ಬಂದವರು; ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನೋಡುತ್ತಿದ್ದರು. ಹಕ್ಕಿ, ಹಾವು, ಕಾಡು ಎಂದರೆ ಜೀವ. ಹಂದಿಬೇಟೆಗೆ ಹೊರಟ ತಮ್ಮ ಭಾವನ ಕೋವಿಯನ್ನೇ ಕಿತ್ತಿಟ್ಟುಕೊಂಡವರು ಎಂದು ಜನ ಹೇಳುತ್ತಿದ್ದರು. ಕಪ್ಪೆ ಸಾಗಣೆ ನಿಲ್ಲಿಸಲೇಬೇಕೆಂದು ಒಂದು ಸಂಘ ಕಟ್ಟಿದ್ದರು. ಬಸವರಾಜು ಮಂಗಳೂರಿಗೆ ಹೋದ ದಿನ ನೋಡಿಕೊಂಡು, ಕಳಸದ ನಸರುಲ್ಲಾನ ಬಾಡಿಗೆ ಜೀಪಿನಲ್ಲಿ ಶೆಡ್ಡಿಗೆ ಬಂದು ಇಳಿದರು. ಕೊರಳಲ್ಲಿ ಕ್ಯಾಮೆರಾ. ಇದೇ ನಸರುಲ್ಲಾ ಬೆಳಗಿನ ಹೊತ್ತು ಕಪ್ಪೆ ಚೀಲಗಳನ್ನೂ ಸಾಗಿಸುತ್ತಿದ್ದವನಾದ್ದರಿಂದ ಯಾರೂ ತಡೆಯಲಿಲ್ಲ.

ಕ್ಯಾಮೆರಾ ಕಂಡದ್ದೇ ಹೆಂಗಸರೆಲ್ಲ ಸೆರಗು ಮುಖಕ್ಕೆ ಎಳೆದುಕೊಂಡು ಹಿಂಬಾಗಿಲಿನಿಂದ ಹೊರಗೋಡಿದರು. ಹುಚ್ಚಮ್ಮನ ಕೈಯಲ್ಲಿ ಕಪ್ಪೆಯಿತ್ತು. ಅವಳು ಏಳಲಿಲ್ಲ.

"ನೀನು ಹೆದರಬೇಡ. ನಿನ್ನ ಕೆಲಸ ನೀನು ಮಾಡು," ಎಂದರು ತಂಗಮ್ಮನವರು, ಮೆತ್ತಗಿನ ದನಿಯಲ್ಲಿ. ಹೆಸರು ಕೇಳಿದರು, ಮಕ್ಕಳೆಷ್ಟು ಎಂದು ಕೇಳಿದರು. ಹುಚ್ಚಮ್ಮ ಕಪ್ಪೆಯ ತಲೆಯನ್ನು ಕಲ್ಲಿಗೆ ಬಡಿದಳು.

"ಅದ್ಯಾಕೆ ಹಾಗೆ ಹೊಡೀತೀಯ?"

"ಜೀವ ಅಲ್ವಾ ಅಮ್ಮಾವ್ರೆ. ಕೊಯ್ವಾಗ ನೋಯ್ಬಾರ್ದು ಅಂತ."

"ಎಲ್ಲರೂ ಹೀಗೇ ಮಾಡ್ತಾರಾ?"

"ಇಲ್ಲ, ಅವ್ರು ಹಂಗೇ ಕೊಯ್ತಾರೆ. ಬೇಗ ಆಗ್ತದೆ."

ತಂಗಮ್ಮನವರು ಕ್ಯಾಮೆರಾ ಕೆಳಗಿಳಿಸಿ, ಬಾಗಿಲಾಚೆ ಜೀಪಿಗೆ ಒರಗಿ ನೋಡುತ್ತಿದ್ದ ನಸರುಲ್ಲಾನ ಕಡೆಗೊಮ್ಮೆ, ಬುಟ್ಟಿಯ ಕಡೆಗೊಮ್ಮೆ ನೋಡಿದರು. ಆಮೇಲೆ ಹುಚ್ಚಮ್ಮನ ಎದುರು ಕುಕ್ಕರಗಾಲಲ್ಲಿ ಕೂತರು. ಎಸ್ಟೇಟಿನ ಅಮ್ಮಾವ್ರೊಬ್ಬರು ತನ್ನಷ್ಟೇ ಕೆಳಗೆ, ರಕ್ತದ ನೆಲದ ಮೇಲೆ ಕೂತದ್ದನ್ನು ಹುಚ್ಚಮ್ಮ ನೋಡಿರಲೇ ಇಲ್ಲ.

"ಹಾಗಾದ್ರೆ ಒಂದು ಕಪ್ಪೇನ ಅವರು ಕೊಯ್ಯೋ ಹಾಗೇ ಕೊಯ್ದು ತೋರಿಸ್ತೀಯಾ?"

"ಬ್ಯಾಡ ಅಮ್ಮಾವ್ರೆ."

"ಒಂದೇ ಒಂದು. ಇದು ಕಪ್ಪೆಗಳ ಒಳ್ಳೇದಕ್ಕೇ ಮಾರಾಯ್ತಿ. ನಾನು ಬಾಯಲ್ಲಿ ಎಷ್ಟು ಹೇಳಿದ್ರೂ ಯಾರೂ ನಂಬಲ್ಲ. ಕಣ್ಣಾರೆ ಕಂಡ್ರೆ ಇದು ನಿಂತೇ ನಿಲ್ಲುತ್ತೆ."

ಹುಟ್ಟಿದಾಗಿನಿಂದ ಹುಚ್ಚಮ್ಮ ಯಾವ ಅಮ್ಮಾವ್ರಿಗೂ ಎರಡನೇ ಸಲ ಬೇಡ ಎಂದವಳಲ್ಲ. ಚೀಲಕ್ಕೆ ಕೈ ಹಾಕಿದಳು. ದೊಡ್ಡ ಹಳದಿ ಕಪ್ಪೆ. ಅವಳ ಹೆಬ್ಬೆರಳನ್ನು ಮುಂಗಾಲುಗಳಿಂದ ಅಪ್ಪಿಕೊಂಡಿತು. ಕಣ್ಣು ಮುಚ್ಚಿ ಕತ್ತಿಗೆ ಒತ್ತಿದಳು. ಅದು ಮಗು ಕಿರುಚಿದಂತೆ ಕಿರುಚಿತು. ಕೈ ಸಡಿಲವಾಗಿ ಅರೆಮೈ ನೆಲಕ್ಕೆ ಬಿದ್ದು ತೆವಳತೊಡಗಿತು. ಬೆರಳುಗಳ ನಡುವೆ ಎರಡು ಕಾಲುಗಳು ಇನ್ನೂ ಈಜುತ್ತಿದ್ದವು.

"ಹುಚ್ಚಮ್ಮಾ, ತಲೆ ಎತ್ತು. ಇಲ್ಲಿ ನೋಡು."

ಹೆಸರು ಹಿಡಿದು, ಅಷ್ಟು ಅಕ್ಕರೆಯಿಂದ ಕರೆದಿದ್ದರು. ಹುಚ್ಚಮ್ಮ ತಲೆ ಎತ್ತಿದಳು. ಫೋಟೊ ತೆಗೆಯುವವರು ನೋಡು ಎಂದರೆ ನಗಬೇಕು ಎಂಬುದಷ್ಟೇ ಅವಳಿಗೆ ಗೊತ್ತಿದ್ದದ್ದು. ನಕ್ಕಳು.

ಬೆಳಕು ಫಳಕ್ಕೆಂದಿತು. ಮರುಗಳಿಗೆಯೇ ಅವಳು ಕಲ್ಲೆತ್ತಿ, ತೆವಳುತ್ತಿದ್ದ ಅರೆಕಪ್ಪೆಯ ತಲೆಗೆ ಹೊಡೆದು, ಅದು ನಿಂತರೂ ಇನ್ನೊಮ್ಮೆ ಹೊಡೆದಳು. ಅಷ್ಟರಲ್ಲಿ ತಂಗಮ್ಮನವರು ಎದ್ದು ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು.

"ಅಮ್ಮಾವ್ರೆ, ನಂಗೂ ಒಂದು ಕೊಡ್ತೀರಾ ಫೋಟೊ? ಮಗಳ ಮದ್ವೆ ಆಗೋದದೆ. ಮನೇಲಿ ಒಂದೂ ಇಲ್ಲ."

"ಖಂಡಿತ ಕೊಡ್ತೀನಿ," ಎಂದರು ತಂಗಮ್ಮನವರು.

ದಸರೆ ಕಳೆದ ಮೇಲೆ ಒಂದು ದಿನ ಕೇರಿಗೆ ಸುದ್ದಿ ಬಂತು: ಹುಚ್ಚಮ್ಮನ ಫೋಟೊ ಬಸ್ ಸ್ಟ್ಯಾಂಡಿನ ಗೋಡೆಗೆ ಹಚ್ಚಿದ್ದಾರೆ, ಆಳೆತ್ತರ ಇದೆ. ಹುಚ್ಚಮ್ಮನ ಮೈಯಲ್ಲಿ ಹಿಗ್ಗು ತುಂಬಿಬಂತು. ತಲೆಗೆ ಎಣ್ಣೆ ಹಾಕಿ ಬಾಚಿ, ಮಗಳನ್ನೂ ಎಬ್ಬಿಸಿಕೊಂಡು ಪೇಟೆಗೆ ಹೊರಟಳು. ದಾರಿಯುದ್ದಕ್ಕೂ, "ನಿನ್ನಪ್ಪಂಗೆ ಹೇಳ್ಬ್ಯಾಡ, ಅವ್ನೇ ನೋಡ್ಲಿ," ಎನ್ನುತ್ತಿದ್ದಳು.

ಗೋಡೆಯ ಮುಂದೆ ಜನ ನಿಂತಿದ್ದರು. ಹುಚ್ಚಮ್ಮ ಜನರ ನಡುವೆ ತೂರಿಕೊಂಡು ಮುಂದೆ ಹೋಗಿ ನೋಡಿದಳು. ತಾನೇ. ಎಲೆಯಡಿಕೆ ಹಲ್ಲು ಪೂರಾ ಕಾಣುವಂತೆ ನಗುತ್ತಿದ್ದಳು. ಕೈಯಲ್ಲಿ ರಕ್ತ ಸೋರುವ ಕಾಲುಗಳು, ಮುಂದೆ ನೆಲದ ಮೇಲೆ ಬಾಯಿ ತೆರೆದ ಅರೆ ಕಪ್ಪೆ. ಅಡಿಯಲ್ಲಿ ದಪ್ಪ ಅಕ್ಷರ. ಅವಳಿಗೆ ಓದು ಬರುತ್ತಿರಲಿಲ್ಲ. ನಸರುಲ್ಲಾ ಟೀ ಅಂಗಡಿಯ ಮುಂದೆ ನಿಂತದ್ದು ಕಂಡು ಕೂಗಿದಳು.

"ಸಾಬ್ರೆ, ಎಂತ ಬರ್ದಿದಾರೆ ಇದ್ರಲ್ಲಿ?"

"ಎಂತದ್ದೋ ಸರ್ಕಾರದ್ದು ಹುಚ್ಚಕ್ಕ. ನೀನು ಮನೆಗೆ ಹೋಗು."

"ಸರ್ಕಾರದ್ರಲ್ಲಿ ನಾನ್ಯಾಕೆ ಇದೀನಿ?"

ಓದಿದವಳು ರಂಗಮ್ಮ. ನಾಲ್ಕನೇ ಕ್ಲಾಸಿನವರೆಗೆ ಕಲಿತಿದ್ದಳು. ಅಕ್ಷರ ಕೂಡಿಸಿ ಕೂಡಿಸಿ, ಎಲ್ಲರಿಗೂ ಕೇಳುವ ಹಾಗೇ ಓದಿಬಿಟ್ಟಳು. "ಈ ನಗುವಿಗೆ ಕರುಣೆಯಿಲ್ಲ. ನಮ್ಮ ಗದ್ದೆಗಳ ಜೀವ ಉಳಿಸಿ."

ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮುದುಕಿ ಹುಚ್ಚಮ್ಮನ ಮುಖವನ್ನೂ ಗೋಡೆಯನ್ನೂ ಎರಡು ಸಲ ನೋಡಿ, ಕಾಲ ಬಳಿಯೇ ಉಗಿದಳು. ರಂಗಮ್ಮ ತಾಯಿಯ ಕೈ ಬಿಡಿಸಿಕೊಂಡು, ಹಿಂದೆ ನೋಡದೆ, ಸಂತೆಬೀದಿಯಲ್ಲಿ ಓಡಿದಳು.

ಆಮೇಲೆ ಒಂದರ ಹಿಂದೆ ಒಂದು ಬಂತು. ಅಪರಿಚಿತರನ್ನು ಒಳಗೆ ಬಿಟ್ಟುಕೊಂಡಳೆಂದು ಬಸವರಾಜು ಅವಳನ್ನು ಕೆಲಸದಿಂದ ತೆಗೆದ; ಶೆಡ್ಡಿನ ಸುತ್ತ ಎತ್ತರದ ಗೋಡೆ ಹಾಕಿಸಿ ವ್ಯಾಪಾರ ಮುಂದುವರಿಸಿದ. ಎಸ್ಟೇಟುಗಳಲ್ಲಿ ಮೇಸ್ತ್ರಿಗಳು, "ನಿನ್ನ ಜೊತೆ ಕೂತು ಉಣ್ಣಕ್ಕೆ ಆಳುಗಳು ಒಪ್ಪಾದಿಲ್ಲ," ಎಂದು ವಾಪಸು ಕಳಿಸಿದರು. ಸಂಸೆಯ ಗುರುವಯ್ಯ ತಾನೇ ಬಂದು ಜಗಲಿಯ ತುದಿಯಲ್ಲಿ ನಿಂತ. ಅವನೂ ಅವನ ಮಗನೂ ಆ ಎರಡು ಮಳೆಗಾಲ ಚೀಲಗಟ್ಟಲೆ ಕಪ್ಪೆ ತಂದು ಶೆಡ್ಡಿಗೆ ಸುರಿದವರು. ಅವನ್ನು ಹುಚ್ಚಮ್ಮನೇ ಕುಯ್ದಿದ್ದಳು.

"ಸಂಬಂಧ ಬ್ಯಾಡ ಲಕ್ಕಯ್ಯ," ಎಂದ ಗುರುವಯ್ಯ.

"ನೀವೂ ಹಿಡ್ದೋರೇ ಅಲ್ವಾ ಭಾವ?" ಎಂದಳು ಹುಚ್ಚಮ್ಮ ಒಳಗಿನಿಂದ.

"ಹಿಡ್ದಿದೀವಿ. ಇಲ್ಲ ಅಂತ ಹೇಳಾದಿಲ್ಲ. ಆದ್ರೆ ನಾವು ನಕ್ಕಿಲ್ಲ."

ಅವನು ಹೋದ ಮೇಲೆ ಲಕ್ಕಯ್ಯ ಒಲೆಯ ಮುಂದಿದ್ದ ಸೌದೆ ತೆಗೆದುಕೊಂಡ. "ಯಾಕೆ ನಕ್ಕೆ? ಹೇಳು, ಯಾಕೆ ನಕ್ಕೆ?" ಎಂದು ಕೇಳುತ್ತ ಹೊಡೆದ. ಸೊಂಟ ನೋವಿನವನಾದ್ದರಿಂದ ನಡುನಡುವೆ ಗೋಡೆ ಹಿಡಿದು ನಿಂತು ಸುಧಾರಿಸಿಕೊಂಡು, ಮತ್ತೆ ಹೊಡೆದ. ರಂಗಮ್ಮ ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಬಿಡಿಸಲು ಏಳಲಿಲ್ಲ.

ಬಾವು ಇಳಿದ ಮೇಲೆ ಹುಚ್ಚಮ್ಮ ಮೂಡಿಗೆರೆಗೆ ಹೋಗಿ ತಂಗಮ್ಮನವರ ಬಂಗಲೆಯ ಹಿಂಬಾಗಿಲಿನಲ್ಲಿ ನಿಂತಳು. ತಂಗಮ್ಮನವರು ಬಂದು, ಗುರುತು ಹಿಡಿದು, ಸಂತೋಷಪಟ್ಟರು.

"ನಿನ್ನ ಫೋಟೊದಿಂದ ಎಷ್ಟು ಕೆಲಸ ಆಗಿದೆ ಗೊತ್ತಾ ಹುಚ್ಚಮ್ಮ? ದೆಹಲಿವರೆಗೂ ಹೋಗಿದೆ!"

"ಕಿತ್ತಾಕ್ಸಿ ಅಮ್ಮಾವ್ರೆ. ಮಗಳ ಮದ್ವೆ ಮುರ್ದೋಯ್ತು. ಕೂಲಿಗೂ ಯಾರೂ ಕರೀತಿಲ್ಲ."

ತಂಗಮ್ಮನವರ ಮುಖ ಸಪ್ಪಗಾಯಿತು. ಅವರು ಕೆಟ್ಟವರಾಗಿರಲಿಲ್ಲ. ಒಂದು ದಾರಿ ಹೇಳಿದರು. ಚಿಕ್ಕಮಗಳೂರಿನಲ್ಲಿ ಸಂಘದ ದೊಡ್ಡ ಸಭೆಯಿದೆ. ಹುಚ್ಚಮ್ಮ ಅಲ್ಲಿಗೆ ಬಂದು, ಇನ್ನು ಮೇಲೆ ಕಪ್ಪೆ ಕೊಯ್ಯುವುದಿಲ್ಲ ಎಂದು ಎಲ್ಲರ ಮುಂದೆ ಹೇಳಲಿ. ಜನ ಕ್ಷಮಿಸುತ್ತಾರೆ. ಗೋಡೆಗೆ ಹಚ್ಚಿದ ಪೋಸ್ಟರುಗಳನ್ನು ತಾವೇ ನಿಂತು ತೆಗೆಸುವುದಾಗಿ ತಂಗಮ್ಮನವರು ಹೇಳಿದರು.

ಸಭೆಯ ದಿನ ನಸರುಲ್ಲಾನ ಜೀಪೇ ಬಂತು. ಚಿಕ್ಕಮಗಳೂರಿನ ಸಭಾಂಗಣದಲ್ಲಿ ಪ್ಲಾಂಟರುಗಳು, ಅವರ ಹೆಂಡಂದಿರು, ಕಾಲೇಜಿನ ಹುಡುಗಿಯರು ತುಂಬಿದ್ದರು. ವೇದಿಕೆಯ ಹಿಂದೆ ಬಿಳಿ ಪರದೆ ಕಟ್ಟಿ, ದೀಪ ಆರಿಸಿ, ಯಂತ್ರದಿಂದ ಚಿತ್ರ ಬಿಟ್ಟರು. ಹುಚ್ಚಮ್ಮನ ನಗು ಗೋಡೆಯಷ್ಟು ದೊಡ್ಡದಾಗಿ ಬಿತ್ತು. ಸಭೆಯಲ್ಲಿ ಯಾರೋ ಹೆಂಗಸು "ಅಯ್ಯೋ" ಎಂದು ನರಳಿದರು. ಆಮೇಲೆ ದೀಪ ಹಾಕಿ ಅವಳನ್ನೇ ಕರೆತಂದು ಪರದೆಯ ಮುಂದೆ ನಿಲ್ಲಿಸಿದರು.

"ಇನ್ಮ್ಯಾಲೆ ಕೊಯ್ಯಾದಿಲ್ಲ," ಎಂದಳು. ಚಪ್ಪಾಳೆ ಬಿತ್ತು.

ಅಧ್ಯಕ್ಷರಾಗಿದ್ದ ಸಿದ್ದಬಸಪ್ಪನವರು, ವಯಸ್ಸಾದ ಪ್ಲಾಂಟರು, ಮೈಕನ್ನು ತಮ್ಮ ಕಡೆಗೆ ಎಳೆದುಕೊಂಡರು. "ಒಳ್ಳೇದಮ್ಮ. ಆದ್ರೆ ಒಂದು ಮಾತು ಕೇಳ್ತೀನಿ. ಆ ಮೂಕಪ್ರಾಣಿ ಅಷ್ಟು ಒದ್ದಾಡ್ತಿರುವಾಗ ನಿನಗೆ ನಗು ಹ್ಯಾಗೆ ಬಂತು?"

ಇಷ್ಟು ದಿನ ಕೇಳಿದವರು ಯಾರೂ ಉತ್ತರಕ್ಕೆ ನಿಂತಿರಲಿಲ್ಲ. ಇವರು ಮೈಕನ್ನು ಅವಳ ಬಾಯಿಯ ಹತ್ತಿರವೇ ಹಿಡಿದರು.

"ಅಮ್ಮಾವ್ರು ತಲೆ ಎತ್ತು, ಇಲ್ಲಿ ನೋಡು ಅಂದ್ರು. ಅದ್ಕೆ ನಕ್ಕೆ," ಎಂದಳು ಹುಚ್ಚಮ್ಮ. ತನ್ನ ದನಿ ಸಭಾಂಗಣದ ಮೂಲೆಮೂಲೆಯಿಂದ ವಾಪಸು ಬಂದದ್ದಕ್ಕೆ ಬೆಚ್ಚಿದರೂ ನಿಲ್ಲಿಸಲಿಲ್ಲ. "ಜೀವ ಇರ್ತ ಕೊಯ್ಯಿ ಅಂದಿದ್ದೂ ಅವ್ರೇ. ನಾನು ಬ್ಯಾಡ ಅಂದೆ. ನಾನು ಯಾವತ್ತೂ ಹಂಗೆ ಕೊಯ್ದೋಳಲ್ಲ, ಕಲ್ಲಿಗೆ ಬಡ್ದೇ ಕೊಯ್ಯಾದು."

ಸಭೆ ಗುಜುಗುಜು ಎಂದಿತು. ತಂಗಮ್ಮನವರ ಮುಖ ಬಿಳಿಚಿಕೊಂಡಿತು. ಹುಚ್ಚಮ್ಮ ಸಭಾಂಗಣದ ಹಿಂಬದಿಗೆ ಕೈ ತೋರಿಸಿದಳು. "ಸಾಬ್ರು ಅಲ್ಲೇ ಇದ್ರು. ಬೇಕಾದ್ರೆ ಅವ್ರನ್ನ ಕೇಳಿ."

ಎಲ್ಲರ ತಲೆಗಳೂ ಹಿಂದಕ್ಕೆ ತಿರುಗಿದವು. ಬಾಗಿಲ ಬಳಿ ನಿಂತಿದ್ದ ನಸರುಲ್ಲಾ ಜೀಪಿನ ಕೀಯನ್ನು ಕೈಯಲ್ಲಿ ತಿರುಗಿಸುತ್ತಿದ್ದವನು ನಿಲ್ಲಿಸಿದ. ತಂಗಮ್ಮನವರನ್ನು ನೋಡಿದ. ಹುಚ್ಚಮ್ಮನನ್ನು ನೋಡಲಿಲ್ಲ.

"ನಾನು ಜೀಪಿನ ಹತ್ರ ಇದ್ದೆ. ಎಂತದೂ ಗೊತ್ತಿಲ್ಲ," ಎಂದ.

ತಂಗಮ್ಮನವರು ಎದ್ದು ಬಂದು ಮೈಕ್ ತೆಗೆದುಕೊಂಡರು. ಇನ್ನೊಂದು ಕೈಯನ್ನು ಹುಚ್ಚಮ್ಮನ ಹೆಗಲ ಮೇಲಿಟ್ಟರು.

"ನೋಡಿದಿರಾ? ಬಡತನ, ಭಯ, ಮನುಷ್ಯರನ್ನ ಎಂಥಾ ಸುಳ್ಳಿಗೆ ದೂಡುತ್ತೆ ಅಂತ. ಇವಳ ಮೇಲೆ ನನಗೆ ಕೋಪ ಇಲ್ಲ. ದಯವಿಟ್ಟು ನಿಮಗೂ ಬೇಡ. ನಮ್ಮ ಹೋರಾಟ ಇವಳ ಕೈಗೆ ಕತ್ತಿ ಕೊಟ್ಟವರ ಮೇಲೆ."

ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿ, ಬಹಳ ಹೊತ್ತು ಬಿತ್ತು. ಕೆಲವರು ಎದ್ದು ನಿಂತರು.

ವಾಪಸು ಬರುವಾಗ ಜೀಪಿನಲ್ಲಿ ಅವರಿಬ್ಬರೇ. ಮೂಡಿಗೆರೆ ದಾಟಿದ ಮೇಲೆ ನಸರುಲ್ಲಾ ಹೇಳಿದ: "ಅವ್ರ ಬಾಡಿಗೇಲೇ ನನ್ನ ಜೀಪು ಓಡಾದು ಹುಚ್ಚಕ್ಕ. ಮನೇಲಿ ಉಣ್ಣೋ ಬಾಯಿ ಬಾಳ ಇದಾವೆ."

"ಇಲ್ಲೇ ನಿಲ್ಸಿ ಸಾಬ್ರೆ."

"ಇಲ್ಲಿ ಎಂತದೂ ಇಲ್ಲ. ಕಾಡು."

"ನಿಲ್ಸಿ ಅಂದೆ."

ಇಳಿದು ನಡೆದಳು. ಜೀಪು ಸ್ವಲ್ಪ ದೂರ ಅವಳ ಹಿಂದೆಯೇ ಮೆಲ್ಲಗೆ ಬಂದು, ಆಮೇಲೆ ಮುಂದೆ ಹೋಯಿತು. ಪೋಸ್ಟರುಗಳನ್ನು ಯಾರೂ ತೆಗೆಸಲಿಲ್ಲ.

ಎಂಬತ್ತೇಳರಲ್ಲಿ ಸರ್ಕಾರ ಕಪ್ಪೆಯ ಕಾಲನ್ನು ಹೊರದೇಶಕ್ಕೆ ಕಳಿಸುವುದನ್ನು ನಿಲ್ಲಿಸಿತು. ಬಸವರಾಜುವಿಗೆ ಅದರ ಸುಳಿವು ಮೊದಲೇ ಇತ್ತು. ಅಷ್ಟರಲ್ಲಿ ಶೆಡ್ಡಿಗೆ ಬ್ರಾಯ್ಲರ್ ಕೋಳಿ ತರಿಸತೊಡಗಿದ್ದ. ಧರ್ಮಸ್ಥಳಕ್ಕೂ ಬಾಬಾಬುಡನ್‌ಗಿರಿಗೂ ಹೋಗುವ ಕಾರುಗಳು ಹೆಚ್ಚಿದ್ದವು. ಘಟ್ಟದ ದಾರಿಯಲ್ಲಿ ಕೂತು ಊಟ ಮಾಡಲು ಪುರುಸೊತ್ತಿಲ್ಲದವರಿಗೆ ಕರಿದ ಕೋಳಿಯನ್ನು ಕಾಗದದಲ್ಲಿ ಸುತ್ತಿ ಕೊಡುವ ಹೋಟೆಲೊಂದು 'ಫಾಸ್ಟ್ ಫುಡ್' ಎಂಬ ಬೋರ್ಡು ಹಾಕಿಕೊಂಡು ಶುರುವಾಗಿತ್ತು. ಆ ಹೋಟೆಲಿಗೆ ಕೋಳಿ ಬಸವರಾಜುವಿನದೇ. ಪುಕ್ಕ, ಕರುಳು, ತಲೆ ಹೊಳೆಗೆ. ಕಳಸದ ಕೆಳಗಿನ ಮಡುವಿನಲ್ಲಿ ಜನ ಮೀಯುವುದನ್ನು ಬಿಟ್ಟರು. ತಂಗಮ್ಮನವರ ಸಂಘಕ್ಕೆ ಬಸವರಾಜು ಕಾಣಿಕೆ ಕೊಟ್ಟ. ಕಪ್ಪೆ ಬಿಟ್ಟ ವ್ಯಾಪಾರಿ ಎಂದು ಅವನಿಗೆ ಶಾಲು ಹೊದಿಸಿದರು.

ಕೈ ಪಳಗಿದವರು ಬೇಕಾಗಿತ್ತು. ಹುಚ್ಚಮ್ಮನಿಗೆ ಹೇಳಿ ಕಳಿಸಿದ. ಅವಳು ಹೋದಳು. ಅದೇ ನೆಲ, ಅದೇ ಮೆಟ್ಟುಕತ್ತಿ. ಕೋಳಿಯ ಕತ್ತು ಕುಯ್ದು ಪೀಪಾಯಿಗೆ ಎಸೆದರೆ ಅದು ಒಳಗೆ ದಬದಬ ಒದ್ದಾಡುತ್ತಿತ್ತು. ಹುಚ್ಚಮ್ಮ ಆ ಕಡೆ ನೋಡದೆ ಇನ್ನೊಂದನ್ನು ಎಳೆದುಕೊಳ್ಳುತ್ತಿದ್ದಳು. ಈಗ ಶೆಡ್ಡಿನಲ್ಲಿ ಅವಳಷ್ಟು ಬೇಗ ಕುಯ್ಯುವವರು ಯಾರೂ ಇರಲಿಲ್ಲ.

ಒಂದು ದಿನ ತಂಗಮ್ಮನವರು ಬಂದರು. ಸಂಘ ಗೆದ್ದದ್ದಕ್ಕೆ ಬಂಗಲೆಯಲ್ಲಿ ಔತಣವಿತ್ತು.

"ಹುಚ್ಚಮ್ಮ ಅಲ್ವಾ? ಕೆಲಸ ಸಿಕ್ತಲ್ಲ, ಒಳ್ಳೇದಾಯ್ತು," ಎಂದರು. ಆಮೇಲೆ ಮೂಗಿಗೆ ಕರವಸ್ತ್ರ ಹಿಡಿದು, "ಚರ್ಮ ತೆಗೆದು ಕೊಡು. ತೊಡೆ ಭಾಗ ಜಾಸ್ತಿ ಇರಲಿ," ಎಂದರು.

ಹುಚ್ಚಮ್ಮ ಹಾಗೆಯೇ ಮಾಡಿ ಕೊಟ್ಟಳು.

ರಂಗಮ್ಮನ ಮದುವೆ ಕೊನೆಗೂ ಆಯಿತು. ಅತ್ತಿಗುಂಡಿಯ ಎಸ್ಟೇಟೊಂದರ ವಾಚ್‌ಮನ್, ಮೊದಲ ಹೆಂಡತಿ ತೀರಿದವನು, ಲಕ್ಕಯ್ಯನಿಗಿಂತ ಸ್ವಲ್ಪ ಚಿಕ್ಕವನಷ್ಟೇ. ಮದುವೆಗೆ ಹುಚ್ಚಮ್ಮ ಬರುವುದು ಬೇಡವೆಂದು ಅವನ ತಾಯಿ ಗಿಡ್ಡಮ್ಮ ಹೇಳಿದ್ದಳು. ರಂಗಮ್ಮನೂ ಬೇಡವೆಂದಿದ್ದಳು.

ಹೆರಿಗೆಯ ಸುದ್ದಿ ತಿಂಗಳು ಕಳೆದು ತಲುಪಿತು. ಹುಚ್ಚಮ್ಮ ಒಂದು ದಿನ ರಜೆ ಕೇಳಿಕೊಂಡು, ಕೈಯನ್ನು ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದುಕೊಂಡು, ಮೆತ್ತಗಿನ ಹಳೇ ಸೀರೆಯ ತುಂಡುಗಳನ್ನು ಮಡಿಸಿ ಗಂಟು ಕಟ್ಟಿ ಹೊರಟಳು. ಬಸ್ಸುಗಳನ್ನು ಬದಲಿಸಿ ಗಿರಿ ಹತ್ತಿ ಅತ್ತಿಗುಂಡಿ ಮುಟ್ಟುವಾಗ ಮಂಜು ಕವಿದಿತ್ತು. ಎಸ್ಟೇಟಿನ ಆಳುಗಳ ಲೈನ್ ಮನೆಯ ಬಾಗಿಲಿಗೆ ರಂಗಮ್ಮ ಬಂದಳು. ತೋಳಿನಲ್ಲಿ ಬಟ್ಟೆ ಸುತ್ತಿದ ಮಗು.

"ಗಂಡಾ ಹೆಣ್ಣಾ?" ಎಂದು ಹುಚ್ಚಮ್ಮ ಎರಡೂ ಕೈ ಚಾಚಿದಳು.

ರಂಗಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. "ಹೆಣ್ಣು. ದೂರದಿಂದ ನೋಡವ್ವ."

"ತೊಳ್ಕಂಡು ಬಂದಿದೀನಿ ಮಗಾ."

"ದೂರದಿಂದ ನೋಡು ಅಂದೆ."

ರಂಗಮ್ಮ ಬಟ್ಟೆ ಸರಿಸಿ ಮುಖ ತೋರಿಸಿದಳು. ಹುಚ್ಚಮ್ಮ ನಿಂತಲ್ಲೇ ಕತ್ತು ಚಾಚಿ ನೋಡಿದಳು. ಮಂಜಿನಲ್ಲಿ ಹಣೆ ಮತ್ತು ಒಂದು ಕಿವಿ ಮಾತ್ರ ಸರಿಯಾಗಿ ಕಂಡಿತು.

"ಹೆಸ್ರು ಎಂತ ಇಟ್ರಿ?"

"ಇನ್ನೂ ಇಟ್ಟಿಲ್ಲ."

ಹೊರಗಿನ ಕಲ್ಲಿನ ಮೇಲೆ ಒಂದು ಲೋಟ ಕಾಫಿ ತಂದಿಟ್ಟು ರಂಗಮ್ಮ ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ಹುಚ್ಚಮ್ಮ ಕಾಫಿ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಬಟ್ಟೆಯ ಗಂಟನ್ನು ಹೊಸಿಲಿನ ಪಕ್ಕದಲ್ಲಿಟ್ಟಳು. ಒಳಗೆ ಮಗು ಅಳತೊಡಗಿತು. "ಯಾಕೆ ಪುಟ್ಟಗೌರಿ, ಯಾಕೆ ನನ್ ಗೌರಿ," ಎಂದು ಗಿಡ್ಡಮ್ಮ ಮುದ್ದು ಮಾಡುವುದು ಕೇಳಿಸಿತು. ಅದರ ಹಿಂದೆಯೇ ರಂಗಮ್ಮನ ದನಿ: "ಮೆತ್ತಗೆ ಅತ್ತೆ. ಇನ್ನೂ ಹೋಗಿಲ್ಲ."

ಹುಚ್ಚಮ್ಮ ಸೆರಗು ತಲೆಗೆ ಹೊದ್ದು ರಸ್ತೆಗೆ ಇಳಿದಳು. ಕೊನೆಯ ಬಸ್ಸು ಬರುವುದಿತ್ತು. ಮಾರನೆಯ ದಿನ ಭಾನುವಾರ, ಶೆಡ್ಡಿನಲ್ಲಿ ಕೆಲಸ ಜಾಸ್ತಿ. ಬೆಳಕು ಹರಿಯುವ ಮೊದಲೇ ಬಾ ಎಂದು ಬಸವರಾಜು ಹೇಳಿದ್ದ.